ಕ್ಷಯ, ಫ್ಲೂ ಮತ್ತು ಹಸಿದ ಹೊಟ್ಟೆ

ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ‘ರೇಷನ್ಸ್’ ಅಧ್ಯಯನವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅದರಲ್ಲಿದ್ದ 2,800 ಕ್ಷಯರೋಗಿಗಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಅಪೌಷ್ಟಿಕರು. ಮಾತ್ರೆಯ ಜೊತೆಗೆ ಅವರೆಲ್ಲರಿಗೂ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಸೇರಿ ತಿಂಗಳಿಗೆ 10 ಕಿಲೋ ಆಹಾರ ಸಿಕ್ಕಿತು. ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಹೆಚ್ಚಿಸಿಕೊಂಡವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆಯಿತ್ತು. ಮನೆಮಂದಿಗೂ ಅಕ್ಕಿ–ಬೇಳೆ ಕೊಟ್ಟ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ತಗುಲುವುದು ಶೇ 39ರಷ್ಟು ತಗ್ಗಿತು.

ಇಷ್ಟು ಸೊರಗಿದವರ ಎದೆಗೆ ಫ್ಲೂ ಅಥವಾ ಕೋವಿಡ್ ಇಳಿದರೆ ಏನಾದೀತು? ದೇಹದಲ್ಲಿ ಪ್ರೋಟೀನ್ ಕಡಿಮೆಯಾದರೆ ಟಿ-ಕೋಶಗಳು ಕುಗ್ಗುತ್ತವೆ. ವೈರಸ್ಸಿಗೂ ಕ್ಷಯಕ್ಕೂ ಎದುರು ನಿಲ್ಲಬೇಕಾದವು ಅವೇ. ವೈರಸ್ ಹೊಕ್ಕಾಗ ದೇಹ ಸ್ರವಿಸುವ ಟೈಪ್–1 ಇಂಟರ್‌ಫೆರಾನ್ ಕ್ಷಯದ ಬ್ಯಾಕ್ಟೀರಿಯಾ ಹೆಚ್ಚಲು ದಾರಿ ಮಾಡಿಕೊಡುವುದು ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದೆ. ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್‌ನಲ್ಲಿ 2020ರಲ್ಲಿ ಕ್ಷಯವಿದ್ದವರಿಗೆ ಕೋವಿಡ್ ಸಾವಿನ ಅಪಾಯ ಸುಮಾರು 2.7 ಪಟ್ಟು ಇತ್ತು. ಇವೆಲ್ಲಕ್ಕಿಂತ ಬೆರಗಿನದು ಅಮೆರಿಕದ ಲೆಕ್ಕ. 1918ರ ಫ್ಲೂ ನಂತರ ಅಲ್ಲಿ ಕ್ಷಯದ ಸಾವುಗಳು ಇಳಿದವು. ಗಂಡಸರು ಮತ್ತು ಹೆಂಗಸರ ಆಯುಷ್ಯದ ಅಂತರವೂ ಕಿರಿದಾಯಿತು. ಕ್ಷಯ ಹೆಚ್ಚಾಗಿ ಇದ್ದದ್ದು ಗಂಡಸರಲ್ಲಿ, ಫ್ಲೂ ಅವರನ್ನೇ ಮೊದಲು ಒಯ್ದಿತು ಎಂದು ಸಂಶೋಧಕ ಆಂಡ್ರ್ಯೂ ನೋಯ್ಮರ್ ವಾದಿಸಿದರು. ಇದನ್ನು ಒಪ್ಪದವರಿದ್ದಾರೆ. ಆದರೆ ಮುಂದೆ ಕ್ಷಯದಿಂದ ಸಾಯಬೇಕಿದ್ದವರು ಫ್ಲೂಗೇ ಬಲಿಯಾದರು ಎಂಬ ವಿವರಣೆ ನನಗೆ ಬಲವಾಗಿಯೇ ಕಾಣುತ್ತದೆ.

ಸೊರಗುವುದು ಕ್ಷಯದ ಫಲವೇ ಹೊರತು ಕಾರಣವಲ್ಲ ಎನ್ನುವವರಿಗೆ ಜಾರ್ಖಂಡ್‌ನ ಮನೆಮಂದಿಯೇ ಉತ್ತರ: ರೋಗವಿಲ್ಲದವರು ಉಂಡರು, ಅವರಲ್ಲಿ ರೋಗ ಕಡಿಮೆಯಾಯಿತು. ಅಧ್ಯಯನ ಕೋವಿಡ್ ಕಾಲದಲ್ಲಿ ನಡೆದದ್ದರಿಂದ ಮಾಸ್ಕ್, ಲಾಕ್‌ಡೌನ್‌ಗಳೇ ಈ ಫಲ ಕೊಟ್ಟಿರಬಾರದೇಕೆ ಎಂದು ಕೇಳಬಹುದು. ಅವು ಹೆಚ್ಚು ಆಹಾರ ಪಡೆದವರಿಗೂ ಪಡೆಯದವರಿಗೂ ಒಂದೇ ಆಗಿದ್ದವು. ಆ ಅಧ್ಯಯನ ವೈರಸ್ ಸೋಂಕನ್ನು ಎಣಿಸಲಿಲ್ಲ, ನಿಜ. ಅನ್ನ ಲಸಿಕೆಗೆ ಬದಲಿ ಎಂದು ನಾನು ಹೇಳುತ್ತಿಲ್ಲ. ಲಸಿಕೆಯೂ ಬೇಕು, ಮಾತ್ರೆಯೂ ಬೇಕು. ಆದರೆ ಮುಂದಿನ ಸೋಂಕು ಯಾವುದೇ ಇರಲಿ, ಅದನ್ನು ತಾಳಿಕೊಳ್ಳಬೇಕಾದ್ದು ಅದೇ ದೇಹ.

ಕ್ಷಯರೋಗಿಗಳ ಆಹಾರಕ್ಕೆಂದು ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಕೊಡುವ ನೆರವು 2018ರಿಂದ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಅಷ್ಟೇ ಸಾಲದು. ಪ್ರತಿ ಭೇಟಿಯಲ್ಲೂ ರೋಗಿಯ ತೂಕ ನೋಡಬೇಕು, ಏರದಿದ್ದರೆ ಏಕೆಂದು ಕೇಳಬೇಕು. ಜ್ವರ ಬಿಟ್ಟರೂ ಕೆಮ್ಮು ಎರಡು ವಾರ ದಾಟಿದರೆ ‘ಬರೀ ಫ್ಲೂ’ ಎಂದು ಕೂರಬೇಡಿ. ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.