ಶೂ ಕೊಳ್ಳುವ ಮುನ್ನ ಅದರ ಅಡಿ ನೋಡಿ

ನಾನು ದಿನವೂ ಏಳು ಕಿಲೋಮೀಟರ್ ಸೈಕಲ್ ತುಳಿದು ಕಾಲೇಜಿಗೆ ಬರುತ್ತೇನೆ. ಸೈಕಲ್ ನನ್ನ ದೊಡ್ಡಪ್ಪನ ಮಗನದು. ಅವನು ಅದನ್ನು ನನಗೆ ಕೊಟ್ಟಾಗ ಅದರಲ್ಲಿ ಸಾಮಾನ್ಯ ಪೆಡಲ್ ಇರಲಿಲ್ಲ, ಶೂವನ್ನು ಸಿಕ್ಕಿಸಿ ತುಳಿಯುವ ಪೆಡಲ್ ಇತ್ತು. ಶೂವಿನ ಅಡಿಗೆ ಕೂರಿಸಿದ ‘ಕ್ಲೀಟ್’ ಎಂಬ ಸಣ್ಣ ತುಂಡು ಪೆಡಲ್‌ನ ಸ್ಪ್ರಿಂಗಿಗೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ಎಷ್ಟೇ ವೇಗವಾಗಿ ತುಳಿದರೂ ಕಾಲು ಜಾರುವುದಿಲ್ಲ.

ಶೂ ಮಾತ್ರ ನಾನೇ ಕೊಳ್ಳಬೇಕಿತ್ತು. ಈದಿಯ ಹಣಕ್ಕೆ ಉಳಿತಾಯವನ್ನೂ ಸೇರಿಸಿ, ಬರೀ ಚಿತ್ರ ನೋಡಿ ಎರಡು ಸಾವಿರ ರೂಪಾಯಿಗೆ ಹಳೆಯ ಶೂ ಒಂದನ್ನು ತರಿಸಿಕೊಂಡೆ. ಅದು ರೇಸಿನ ಶೂ. ನನ್ನ ಪೆಡಲ್‌ಗೆ ಹೊಂದಲಿಲ್ಲ, ಹಾಕಿಕೊಂಡು ಮೆಟ್ಟಿಲು ಹತ್ತಲೂ ಆಗಲಿಲ್ಲ. ಆ ದುಡ್ಡು ಹೋದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಶೂಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ರೇಸಿನದು. 1985ರಲ್ಲಿ ಬರ್ನಾರ್ ಇನೋ ‘ಲುಕ್’ ಕಂಪನಿಯ ಇಂಥ ಪೆಡಲ್ ಬಳಸಿ ಟೂರ್ ಡಿ ಫ್ರಾನ್ಸ್ ಗೆದ್ದ ಮೇಲೆ ಇದು ಹೆಸರಾಯಿತು. ಈ ಶೂವಿನ ಅಡಿಯಲ್ಲಿ ಮೂರು ಬೋಲ್ಟಿನ ತೂತುಗಳಿರುತ್ತವೆ. ದೊಡ್ಡ ಪ್ಲಾಸ್ಟಿಕ್ ಕ್ಲೀಟ್ ಹೊರಗೆ ಚಾಚಿರುತ್ತದೆ. ನಡೆದರೆ ಬಾತುಕೋಳಿಯ ನಡಿಗೆಯೇ ಸರಿ!

ಎರಡನೆಯದು 1990ರಲ್ಲಿ ಶಿಮಾನೋ ಕಂಪನಿ ತಂದ ‘ಎಸ್‌ಪಿಡಿ’. ಗುಡ್ಡಗಾಡಿನಲ್ಲಿ ಸೈಕಲ್ ಓಡಿಸುವವರು ಆಗಾಗ ಇಳಿದು ನಡೆಯಬೇಕಾಗುತ್ತದೆ. ಅವರಿಗಾಗಿ ಬಂದ ಇದರಲ್ಲಿ ಎರಡೇ ಬೋಲ್ಟ್. ಸಣ್ಣ ಉಕ್ಕಿನ ಕ್ಲೀಟ್ ರಬ್ಬರ್ ಅಟ್ಟೆಯ ಗುಳಿಯೊಳಗೆ ಕೂರುವುದರಿಂದ ನೆಲಕ್ಕೆ ಮೊದಲು ತಾಗುವುದು ರಬ್ಬರ್. ನನ್ನ ಪೆಡಲ್ ಇದೇ ಬಗೆಯದು. ದಿನವಿಡೀ ನಡೆದಾಡುವ ನಮಗೂ ಇದೇ ಸರಿ.

ಕೊಳ್ಳುವಾಗ ಹೀಗೆ ಪರೀಕ್ಷಿಸಿ. ಶೂ ತಿರುಗಿಸಿ ಬೋಲ್ಟಿನ ತೂತು ಎಣಿಸಿ. ಹಳೆಯ ಶೂ ಆದರೆ ಕ್ಲೀಟ್ ಸಮೇತ ಮೇಜಿನ ಮೇಲಿಟ್ಟು ನೋಡಿ. ರಬ್ಬರ್ ಸವೆದು ಕ್ಲೀಟ್ ಮೇಜಿಗೆ ತಾಗಿದರೆ ಕಾರಿಡಾರಿನ ಟೈಲ್ಸ್ ಮೇಲೆ ಜಾರುವುದು ಖಂಡಿತ. ಬೆರಳಿನ ಭಾಗವನ್ನು ಬಗ್ಗಿಸಿ. ಸ್ವಲ್ಪವೂ ಬಾಗದಿದ್ದರೆ ನಡೆಯುವುದು ಕಷ್ಟ, ತೀರಾ ಮೆತ್ತಗಿದ್ದರೆ ತುಳಿಯುವಾಗ ಪಾದ ನೋಯುತ್ತದೆ. ಸಂಜೆ ಕಾಲು ಸ್ವಲ್ಪ ಊದಿರುತ್ತದೆ. ಆಗಲೇ ಸಾಕ್ಸ್ ಹಾಕಿ ಅಳತೆ ನೋಡಿ.

ಝುಹರ್ ನಮಾಝ್‌ಗೆ ಶೂ ಬಿಚ್ಚಿ, ಬೆಲ್ ಆಗುವ ಮುಂಚೆ ಮತ್ತೆ ಹಾಕಿಕೊಳ್ಳಬೇಕಲ್ಲ, ಅದಕ್ಕೆ ಲೇಸಿಗಿಂತ ವೆಲ್ಕ್ರೋ ಪಟ್ಟಿ ಒಳ್ಳೆಯದು. ಲೇಸ್ ಇದ್ದರೆ ಅದರ ತುದಿ ಚೈನಿಗೆ ಸಿಗದಂತೆ ಒಳಗೆ ಸೇರಿಸಿ. ವುಝೂ ಮಾಡಿ ಬಂದ ಒದ್ದೆ ಕಾಲನ್ನು ಒರೆಸಿಕೊಂಡೇ ಸಾಕ್ಸ್ ಹಾಕಿ.

ಇನ್ನೊಂದು ಮಾತು. ಕಾಲು ಬಿಡಿಸಲು ಮೇಲಕ್ಕೆ ಎಳೆದರೆ ಆಗದು, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಸರಿಯಾದ ಶೂ ಸಿಕ್ಕ ಮೊದಲ ದಿನವೇ ನಾನಿದನ್ನು ಮರೆತು ಕಾಲೇಜಿನ ಗೇಟಿನೆದುರು ಸೈಕಲ್ ಸಮೇತ ಉರುಳಿದೆ. ಗೇಟಿನ ಚಾಚಾ ಎಬ್ಬಿಸುತ್ತಾ, “ಸೈಕಲ್‌ಗೆ ಕಾಲು ಕಟ್ಟಿಕೊಂಡು ಯಾಕೆ ಬರ್ತೀಯಾ ಬೇಟಾ?” ಎಂದರು. ಅಲೆನ್ ಕೀಯಿಂದ ಪೆಡಲ್‌ನ ಸ್ಪ್ರಿಂಗ್ ಸಡಿಲಿಸಿ, ಗೋಡೆ ಹಿಡಿದು ಇಪ್ಪತ್ತು ಸಲ ಅಭ್ಯಾಸ ಮಾಡಿಯೇ ರಸ್ತೆಗೆ ಇಳಿಯಿರಿ. ನಿಲ್ಲಿಸುವ ಜಾಗ ಬರುವ ಮೊದಲೇ ಒಂದು ಕಾಲು ಬಿಡಿಸಿಕೊಳ್ಳಿ.

ನಿಮ್ಮ ಸೈಕಲ್‌ನಲ್ಲಿ ಸಾಮಾನ್ಯ ಪೆಡಲ್ ಇದ್ದರೆ ಇದಕ್ಕೆಲ್ಲ ದುಡ್ಡು ಹಾಕಬೇಡಿ. ಕಾಲೇಜಿಗೆ ಬಂದು ಹೋಗಲು ಹಿಡಿತವಿರುವ ಶೂ ಸಾಕು. ಉಳಿದ ಹಣದಲ್ಲಿ ಹೆಲ್ಮೆಟ್ ಕೊಳ್ಳಿ. ಚಾಚಾ ಎಲ್ಲ ಕಡೆ ಇರುವುದಿಲ್ಲ.