ಹುಸಿಚಿತ್ರದ ಬೆದರಿಕೆಯೂ ಮನಸ್ಸೂ

ಮಬ್ಬುಗತ್ತಲಲ್ಲಿ ಬಿದ್ದ ಹಗ್ಗವನ್ನು ಹಾವೆಂದು ತಿಳಿದು ಬೆದರುವವನ ದೃಷ್ಟಾಂತವನ್ನು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಹಾವು ಸುಳ್ಳು, ಆದರೆ ಬೆದರಿದವನ ಎದೆಬಡಿತ ಸುಳ್ಳಲ್ಲ. ‘ಡೀಪ್‌ಫೇಕ್’ ಎಂಬ ಹುಸಿಚಿತ್ರದ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಒಬ್ಬರ ಮುಖವನ್ನು ಮತ್ತೊಬ್ಬರ ದೇಹಕ್ಕೆ ಕೃತಕ ಬುದ್ಧಿಯ ಯಂತ್ರದಿಂದ ಜೋಡಿಸಿ, ನಡೆಯದುದನ್ನು ನಡೆದಂತೆ ತೋರಿಸುವ ಕೃತ್ಯವಿದು.

2023ರ ನವೆಂಬರಿನಲ್ಲಿ, ಕೊಡಗಿನಲ್ಲಿ ಹುಟ್ಟಿ ತೆಲುಗು ಚಿತ್ರರಂಗದಲ್ಲಿಯೂ ಹೆಸರಾದ ನಟಿ ರಶ್ಮಿಕಾ ಮಂದಣ್ಣ ಅವರ ಇಂಥ ಹುಸಿಚಿತ್ರವೊಂದು ದೇಶದಲ್ಲೆಲ್ಲ ಹರಡಿತು. ತಮಗಾದ ನೋವನ್ನೂ ಭಯವನ್ನೂ ಅವರು ಬಹಿರಂಗವಾಗಿ ಹೇಳಿಕೊಂಡರು. ತಾವು ಶಾಲೆ ಕಾಲೇಜುಗಳಲ್ಲಿ ಓದುತ್ತಿದ್ದಾಗ ಹೀಗಾಗಿದ್ದರೆ ಹೇಗೆ ಎದುರಿಸುತ್ತಿದ್ದೆವೋ ಊಹಿಸಲಾರೆವೆಂದರು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರಪ್ರದೇಶದಲ್ಲಿ ಒಬ್ಬ ಯುವಕನನ್ನು ಬಂಧಿಸಿದರು. ಕೀರ್ತಿವಂತರಿಗೇ ಇಷ್ಟು ಯಾತನೆಯಾದರೆ ಎಳೆಯ ವಿದ್ಯಾರ್ಥಿಗಳ ಪಾಡೇನು?

ಇಂಥ ಬೆದರಿಕೆ ನಮ್ಮ ಹೈದರಾಬಾದಿಗೆ ಹೊಸದಲ್ಲ. 2020ರಲ್ಲಿ ಮೊಬೈಲಿನ ಮೂಲಕ ಸಾಲ ಕೊಟ್ಟ ಕೆಲವರು ಸಾಲಗಾರರ ಭಾವಚಿತ್ರಗಳನ್ನು ತಿರುಚಿ, ಬಂಧುಮಿತ್ರರಿಗೆ ಕಳುಹಿಸಿ ಪೀಡಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಇಲ್ಲಿಯ ಪೊಲೀಸರು ಹಲವರನ್ನು ಬಂಧಿಸಿದರು.

ಚಿತ್ರ ಹೊರಬಿದ್ದರೆ ಒಂದು ಏಟು; ಎಂದು ಹೊರಬೀಳುವುದೋ ಎಂಬ ಭಯವು ಗಳಿಗೆಗೊಂದು ಏಟು. ಮೊಬೈಲು ಸದ್ದುಮಾಡಿದಾಗಲೆಲ್ಲ ಎದೆ ನಡುಗುತ್ತದೆ, ನಿದ್ರೆ ಕೆಡುತ್ತದೆ, ಪಾಠ ತಲೆಗೆ ಹತ್ತದು. ಎದುರಿಗೆ ಯಾರು ನಕ್ಕರೂ ತನ್ನನ್ನು ಕಂಡೇ ನಕ್ಕರೆನಿಸುತ್ತದೆ. ತಾನು ಮಾಡದ ಕೃತ್ಯಕ್ಕೆ ತಾನೇ ನಾಚುವಂತಾಗುವುದು ಇದರ ಅತ್ಯಂತ ಕ್ರೂರ ಪರಿಣಾಮ. ‘ಇದು ನಾನಲ್ಲ’ ಎಂದರೆ ನಂಬುವರಾರು ಎಂಬ ಶಂಕೆಯು ಬಾಯಿ ಕಟ್ಟುತ್ತದೆ. ಹೊರನಾಡಿಗೆ ಬಂದು ನೆಲಸಿದ ನಮ್ಮಂಥವರಿಗೆ, ಊರಿನ ಬಂಧುಗಳು ಏನೆಂದಾರು ಎಂಬ ಅಂಜಿಕೆಯೂ ಅದರೊಡನೆ ಕೂಡಿಕೊಳ್ಳುತ್ತದೆ. ಬೆದರಿಸುವವನಿಗೆ ಈ ಮೌನವೇ ಬಂಡವಾಳ. ಅವನು ಕೇಳಿದುದನ್ನು ಕೊಟ್ಟರೆ ಬೇಡಿಕೆ ಬೆಳೆಯುವುದೇ ಹೊರತು ಭಯ ತೀರದು.

ಆದುದರಿಂದ ವಿದ್ಯಾರ್ಥಿಗಳೇ, ಇಂಥ ಬೆದರಿಕೆ ಬಂದರೆ ಆ ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳಿ. ತಾಯಿತಂದೆಯರಿಗೋ ಅಧ್ಯಾಪಕರಿಗೋ ಕೂಡಲೇ ತಿಳಿಸಿ. ಸೈಬರ್ ಅಪರಾಧದ ದೂರಿಗೆ 1930, ಮಕ್ಕಳ ಸಹಾಯಕ್ಕೆ 1098, ಮನೋವ್ಯಥೆಯ ಪರಿಹಾರಕ್ಕೆ ‘ಟೆಲಿ ಮಾನಸ್’ ಸೇವೆಯ 14416 ದೂರವಾಣಿ ಸಂಖ್ಯೆಗಳಿವೆ. ಬೆದರಿಸುವುದು ಕಾನೂನಿನಂತೆ ಅಪರಾಧ. ಬೆದರಿಕೆಗೆ ಗುರಿಯಾದುದು ಅಪರಾಧವಲ್ಲ.

ಹಿರಿಯರಾದ ನಾವಾದರೋ, ಮಗು ಹೇಳಿಕೊಂಡಾಗ ‘ನಿನ್ನ ಚಿತ್ರ ಅವರ ಕೈಗೆ ಹೇಗೆ ಹೋಯಿತು?’ ಎಂದು ಗದರಿಸುವ ಮೊದಲು ‘ಹೆದರಬೇಡ, ನಾವಿದ್ದೇವೆ’ ಎನ್ನಲು ಕಲಿಯೋಣ. ಆ ಒಂದು ಮಾತಿನಿಂದ ಅರ್ಧ ಭಯ ಅಲ್ಲಿಯೇ ಇಳಿಯುತ್ತದೆ.