ನಿಮಗಿದು ಗೊತ್ತೆ? ನುಣ್ಣನೆಯ ಆಹಾರ ಹಂದಿಗೆ ಹುಣ್ಣು ತರಬಲ್ಲದು
ನುಣ್ಣಗೆ ಬೀಸಿದ ಕಾಳು ಹಂದಿಗೆ ಚೆನ್ನಾಗಿ ಜೀರ್ಣವಾಗುತ್ತದೆ. ಕಡಿಮೆ ಆಹಾರದಲ್ಲೇ ತೂಕ ಏರುತ್ತದೆ. ಆದರೆ ಅದೇ ಹುಡಿ ಜಠರದಲ್ಲಿ ತೆಳು ಗಂಜಿಯಂತಾಗಿ, ತಳಭಾಗದ ಆಮ್ಲ ಮೇಲಕ್ಕೂ ಹರಡುತ್ತದೆ. ಅನ್ನನಾಳ ಜಠರವನ್ನು ಸೇರುವಲ್ಲಿ ಲೋಳೆಯ ರಕ್ಷಣೆಯಿಲ್ಲ, ಹುಣ್ಣಾಗುವುದು ಅಲ್ಲೇ. ತರಿತರಿಯಾಗಿ ಒಡೆದ ಕಾಳು ಜಠರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಆಗ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಹೆಚ್ಚಿ, ಸಾಲ್ಮೊನೆಲ್ಲಾ ಎಂಬ ರೋಗಾಣುವಿಗೆ ಉಳಿಗಾಲ ಕಡಿಮೆಯಾಗುವುದನ್ನು ಡೆನ್ಮಾರ್ಕ್‌ನ ಅಧ್ಯಯನಗಳು ತೋರಿಸಿವೆ.

ಹುಡಿಯನ್ನು ಒತ್ತಿ ಪೆಲೆಟ್ (ಗುಳಿಗೆ) ತಯಾರಿಸುವಾಗಿನ ಬಿಸಿಯೇ ರೋಗಾಣುಗಳನ್ನು ಕೊಲ್ಲುವುದಿಲ್ಲವೇ ಎನ್ನಬಹುದು. ಕೊಲ್ಲುತ್ತದೆ, ಆದರೆ ಆಹಾರದಲ್ಲಿ ಇರುವುದನ್ನು ಮಾತ್ರ; ಗೂಡಿನ ನೆಲದಿಂದ ಹೊಟ್ಟೆ ಸೇರುವುದನ್ನಲ್ಲ. ತರಿಯಾದರೆ ಆಹಾರ ಹೆಚ್ಚು ಬೇಕಾಗುವುದೂ ನಿಜ. ಆದರೆ ಹುಣ್ಣು ಒಡೆದು, ರಕ್ತ ಸೋರಿ ಹಂದಿ ದಿಢೀರನೆ ಸತ್ತರೆ, ಬೀಸಿ ಉಳಿಸಿದ್ದೆಲ್ಲ ಅಲ್ಲಿಗೇ ಮುಗಿಯಿತು. ಹಾಗಾಗಿ ಬೀಸುವ ಹದವನ್ನು ತೂಕವಷ್ಟೇ ಅಲ್ಲ, ಹೊಟ್ಟೆಯೂ ನಿರ್ಧರಿಸಬೇಕು.